ಟಾಕಿಯ ಒಡಪು

ಆ ಸೀಮೆಯಲ್ಲಿ ಹೊಸ ಸೊಸೆಯಿರಲಿ, ಹೊಸ ಸೆನ್ಸರ್ ಇರಲಿ, ಗಂಡನ ಹೆಸರನ್ನೋ ಮಾಲೀಕರ ಹೆಸರನ್ನೋ ಹೆಣೆದ ಒಡಪು ಹೇಳದೆ ಒಳಗೆ ಬರುವಂತಿರಲಿಲ್ಲ. ಮೂರು ಹರದಾರಿ ದೂರದ ಗುಡ್ಡದ ಮೇಲಿದ್ದ ಟವರು, ಮಾಲೀಕರ ಹೆಸರನ್ನು ಪ್ರಾಸದಲ್ಲಿ ಸುತ್ತಿ ಹೇಳದ ಹೊರತು ಯಾರ ಮಾತನ್ನೂ ಕೇಳುತ್ತಿರಲಿಲ್ಲ.

ಮಾಳಿಗೆಯ ಮೇಲೆ ಬಾಳವ್ವನ ನೀರಿನ ಟಾಕಿ ತುಂಬಿ ಹರಿಯುತ್ತಿತ್ತು. ಪಕ್ಕದಲ್ಲೇ ಸಂಡಿಗೆ ಒಣಗಲು ಹಾಕಿದ್ದಳು. ಟವರು ಒಪ್ಪದೆ ಮೋಟಾರು ನಿಲ್ಲುವಂತಿಲ್ಲ, ನಳಕ್ಕೆ ನೀರು ಬಿಡುವಂತಿಲ್ಲ.

“ಮಾಲೀಕರ ಹೆಸರು ನನ್ನ ಕಿವ್ಯಾಗ ಬಿಡಿಸಿ ಹೇಳ್ರಿ ಯವ್ವಾ, ಒಡಪು ನಾ ಕಟ್ಟತೀನಿ,” ಎಂದಿತು ಟಾಕಿಯೊಳಗಿನ ನಿಂಬೆಹಣ್ಣಿನಷ್ಟು ಸೆನ್ಸರ್.

“ಅವರು,” ಎಂದಳು ಬಾಳವ್ವ ನಾಚಿ. ಗಂಡನ ಹೆಸರನ್ನು ಅವಳು ಒಡಪಿನಲ್ಲಲ್ಲದೆ ಈವರೆಗೆ ಬಿಡಿಸಿ ಹೇಳಿದವಳೇ ಅಲ್ಲ.

“ಊರ ತುಂಬ ‘ಅವರೇ’ ಅದಾರ್ರಿ! ಲಗೂನ ಹೇಳ್ರಿ, ಈ ಸಣ್ಣ ಬ್ಯಾಟರಿ ಸೆಲ್ಲಿನ್ಯಾಗ ನನಗ ಭಾಳ ಮಾತಾಡಾಕ ಬರೂದಿಲ್ಲ.”

ನೀರು ಸಂಡಿಗೆಯ ಚಾಪೆಗೆ ತಾಗಿತು. ಬಾಳವ್ವ ಕಣ್ಣು ಮುಚ್ಚಿ ತನ್ನ ಹೆಸರನ್ನೇ ಹೇಳಿಬಿಟ್ಟಳು.

“ತುಂಬಿದ ಟಾಕಿ ತುಳುಕಬಾರದು, ಬಾಳವ್ವನ ಸಂಡಿಗಿ ತೋಯಬಾರದು!” ಎಂದು ಸೆನ್ಸರ್ ಗುಡ್ಡಕ್ಕೆ ಕೂಗಿತು. ಮೋಟಾರು ನಿಂತಿತು.

ಮರುದಿನ ಬೆಳಿಗ್ಗೆ ಬಚ್ಚಲಿನಿಂದ ಗಂಡನ ಬೊಬ್ಬೆ. ಮೈತುಂಬ ಸೋಪು, ನಳದಲ್ಲಿ ಹನಿ ನೀರಿಲ್ಲ.

“ಏ, ಕೇಳಿಸ್ತೇನ? ನೀರು ಬಿಡು ಅಂತ ಹೇಳು ಈ ಟಾಕಿಗೆ!”

“ನನ್ನ ಹೆಸರು ಹಾಕಿ ಒಡಪು ಹೇಳ್ರಿ, ತಾನಾ ಬಿಡತೈತಿ,” ಎಂದಳು ಬಾಳವ್ವ, ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ.

ನಿನ್ನೆ ಮನೆ ಮುಂದಿನ ಕಟ್ಟೆಯ ಮೇಲೆ ಕೂತು ಕೇಳಿಸಿಕೊಂಡಿದ್ದನ್ನೇ ಅವನು ಮೆಲ್ಲಗೆ ಒಪ್ಪಿಸತೊಡಗಿದ: “ತುಂಬಿದ ಟಾಕಿ ತುಳುಕಬಾರದು, ಬಾ... ಬಾಳವ್ವನ...”

“ಅದು ನಿನ್ನಿ ಒಡಪ್ರಿ ಯಪ್ಪಾ,” ಎಂದಿತು ಸೆನ್ಸರ್. “ಹೊಸಾದು ಕಟ್ರಿ.”