ಕಲ್ಲಿದ್ದಲಿಗೊಂದು ಚಪ್ಪಾಳೆ

“ನಿಮ್ಮ ಜಾಂಬಿಯಾದ ಕರೆಂಟು ಹೊಳೆನೀರು ನಂಬಿದ್ದು ಕಣಯ್ಯಾ. ಹೊಳೆ ಬತ್ತಿತು, ದೇಶಾನೇ ಕುರುಡಾಯ್ತು. ನಮ್ಮದು ಕಲ್ಲಿದ್ದಲು. ಸೂರ್ಯ ಆರಿದ್ರೂ ಜಿಂಬಾಬ್ವೆ ಆರಲ್ಲ. ನಾಳೆ ನಮ್ಮ ಬಾಗಿಲಿಗೇ ಕರೆಂಟು ಭಿಕ್ಷೆಗೆ ಬರ್ತೀರಿ,” ಎಂದ ಗವೇರ. ವಿದ್ಯುತ್ ಸ್ಥಾವರದಲ್ಲಿ ಬಾಯ್ಲರ್ ಕಾಯುವವನು. ಬಡಾಯಿ ಕೇಳಿದರೆ ಅರ್ಧ ಆಫ್ರಿಕಾ ಅವನ ಸಲಿಕೆಯ ತುದಿಯಲ್ಲೇ ಬೆಳಗುತ್ತಿತ್ತು.

ಗಡಿಯಾಚೆಯಿಂದ ಗೆಳೆಯನಿಗಾಗಿ ಹೆಣ್ಣು ಕೇಳಲು ಬಂದ ಚಿಸಾಲ ನೆಲದ ಮೇಲೆ ಕೂತಿದ್ದ. ಅಲ್ಲಿನ ಪದ್ಧತಿಯಂತೆ ಹೆಣ್ಣಿನಪ್ಪ ಎಷ್ಟು ಹೀಯಾಳಿಸಿದರೂ ಬಂದವನು ಚಪ್ಪಾಳೆ ತಟ್ಟಿ ಗೌರವ ತೋರಬೇಕು. ಎದುರಾಡಿದರೆ ಸಂಬಂಧ ಮುರಿಯಿತು. ತಟ್ಟಿ ತಟ್ಟಿ ಅವನ ಅಂಗೈ ಮೇಲೆ ಮೀನು ಹುರಿಯಬಹುದಿತ್ತು.

“ನನ್ನ ಮಗಳು ರುವಿಂಬೊ ನಿಮ್ಮ ಕತ್ತಲೆ ಕೊಂಪೇಲಿ ಎಡವಿ ಬೀಳಬೇಕಾ? ನೋಡು, ದೀಪ ಅಂದ್ರೆ ಇದು,” ಎಂದು ಗವೇರ ಬಲ್ಬಿನತ್ತ ಬೆರಳೆತ್ತಿದ. ಬಲ್ಬು ಆರಿತು. ಬೀದಿಗೆ ಬೀದಿಯೇ ಕಪ್ಪಾಯಿತು.

ಚಿಸಾಲನ ನಾಲಿಗೆ ತುದಿಗೆ ಸಾವಿರ ಮಾತು ಬಂದವು. ಎಲ್ಲವನ್ನೂ ನುಂಗಿದ. ಗಂಡಸರು ತಟ್ಟುವಂತೆ ಅಂಗೈ ಚಪ್ಪಟೆ ಮಾಡಿ, ಬಹಳ ಗೌರವದಿಂದ, ನಿಧಾನವಾಗಿ ಚಪ್ಪಾಳೆ ತಟ್ಟಿದ. ಅಡುಗೆಮನೆಯಿಂದ ಇನ್ನೊಂದು ಚಪ್ಪಾಳೆ ಅದರ ಜೊತೆಗೂಡಿತು. ಅಂಗೈ ಗುಳಿ ಮಾಡಿ ತಟ್ಟುವ ಹೆಂಗಸರ ಚಪ್ಪಾಳೆ. ಆ ಮನೆಯಲ್ಲಿ ರುವಿಂಬೊ ಬಿಟ್ಟರೆ ಬೇರೆ ಹೆಂಗಸಿರಲಿಲ್ಲ.