ಉತ್ತರದ ನೆತ್ತಿ

"ಕಲ್ಲುಗುಪ್ಪೆ ಮೇಲಲ್ಲ ಅಕ್ಕ, ಪಕ್ಕದ ನೆಲದ ಮೇಲೆ ನಿಲ್ಲಿಸಿ. ಜನ ಪೇರಿಸಿದ ಕಲ್ಲು ಎತ್ತರದ ಲೆಕ್ಕಕ್ಕೆ ಬರಲ್ಲ."

ಚಾರಣ ಸಂಘದ ಕಾರ್ಯದರ್ಶಿ ಗುಪ್ಪೆಯಿಂದ ಇಳಿದು, ಅಳತೆಕೋಲನ್ನು ನೆಲಕ್ಕೂರಿ ಹಿಡಿದರು. ಸ್ವಲ್ಪ ಕೆಳಗೆ, ಮೂರು ಕಾಲಿನ ಸ್ಟ್ಯಾಂಡಿನ ಮೇಲಿದ್ದ ದುರ್ಬೀನಿನಲ್ಲಿ ಅಳತೆಯವಳು ಒಂದು ಕಣ್ಣು ಮುಚ್ಚಿ ನೋಡಿದಳು.

"ಮುಖಕ್ಕೆ ಪೌಡರ್ ಹಾಕ್ಕೊಂಡು ಬಂದಿದೀನಿ. ಚೆನ್ನಾಗಿ ಕಾಣ್ತಿದೀನಾ?"

"ನಿಮ್ಮ ಮಂಡಿ ಚೆನ್ನಾಗಿ ಕಾಣ್ತಿದೆ ಅಕ್ಕ. ಇದು ನೇರ ನೋಡೋ ಯಂತ್ರ, ತಲೆ ಎತ್ತಲ್ಲ. ಮುಖ ಕಾಣ್ಬೇಕಂದ್ರೆ ನೀವು ಇನ್ನೂ ತಗ್ಗಲ್ಲಿ ನಿಲ್ಬೇಕು."

ಜೊತೆಗೆ ಬಂದಿದ್ದ ಸಂಘದ ಅಧ್ಯಕ್ಷರು ನಗಲಿಲ್ಲ. ಬೆಳಗಿನಿಂದ ಅವರು ಅವಳ ಬೆನ್ನು ಬಿಟ್ಟಿರಲಿಲ್ಲ. "ಮುಗೀತಲ್ಲಮ್ಮ? ಇಳಿಯೋಣ."

"ಉತ್ತರದ್ದೂ ನೋಡ್ಬೇಕು ಸರ್."

ಬೆಟ್ಟಕ್ಕೆ ಎರಡು ನೆತ್ತಿ. ಎಲ್ಲರೂ ಹತ್ತುವುದು ಕಲ್ಲುಗುಪ್ಪೆಯಿರುವ ದಕ್ಷಿಣದ್ದನ್ನು. ತಗ್ಗು ದಾಟಿದರೆ ಉತ್ತರದ್ದು. ಒಬ್ಬರು ನಿಲ್ಲುವಷ್ಟು ಜಾಗ, ಮೂರು ಕಡೆ ಪ್ರಪಾತ. ಸಂಘದ ಬೆಟ್ಟಗಳ ಪಟ್ಟಿಗೆ ನಿಯಮ ಒಂದೇ: ತುತ್ತತುದಿಯ ನೆಲ ಮೆಟ್ಟದವರು ಬೆಟ್ಟ ಹತ್ತಿದಂತಲ್ಲ. ಪಟ್ಟಿಯ ಬೆಟ್ಟಗಳನ್ನೆಲ್ಲ ಮೊದಲು ಹತ್ತಿ ಮುಗಿಸಿದವರು ಅಧ್ಯಕ್ಷರು. ಸಂಘದ ಬಾಗಿಲ ಮೇಲೆ ಅವರ ಹೆಸರಿನ ಹಿತ್ತಾಳೆ ಫಲಕವಿತ್ತು.

ಆ ಫಲಕಕ್ಕೆ ಇನ್ನೊಬ್ಬ ಹಕ್ಕುದಾರನಿದ್ದ. ಅಳತೆಯವಳ ಅಣ್ಣ. ಇಬ್ಬರಿಗೂ ಉಳಿದಿದ್ದ ಕೊನೆಯ ಬೆಟ್ಟ ಇದೇ. ವರ್ಷಗಳ ಹಿಂದೆ, ಮಂಜು ಕವಿದ ಒಂದು ದಿನ ಜೊತೆಯಲ್ಲಿ ಹತ್ತಿದರು. ಇಳಿದು ಬಂದವರು ಒಬ್ಬರು. ಅಣ್ಣ ಸಿಕ್ಕಿದ್ದು ಉತ್ತರದ ಪ್ರಪಾತದ ಬುಡದಲ್ಲಿ.

"ನಾನು ಕಲ್ಲುಗುಪ್ಪೆ ಹತ್ರಾನೇ ಕೂತಿದ್ದೆ, ಆ ಕಡೆ ಒಂದು ಹೆಜ್ಜೇನೂ ಇಟ್ಟಿಲ್ಲ. ಮಂಜಲ್ಲಿ ದಾರಿ ತಪ್ಪಿದಾನೆ." ಅಧ್ಯಕ್ಷರು ಪೊಲೀಸರಿಗೆ ಹೇಳಿದ್ದು ಇಷ್ಟೇ. ಅಮ್ಮನಿಗೂ ಇಷ್ಟೇ. ಬೆಟ್ಟವನ್ನು ಅಂಗೈಯಂತೆ ಬಲ್ಲ ಮಗ ದಾರಿ ತಪ್ಪಿ ಸತ್ತ ಎಂಬುದನ್ನು ಅಮ್ಮ ಕೊನೆಯವರೆಗೂ ನಂಬಲಿಲ್ಲ.

ಅಂದು ಬೂಟಿನ ಲೇಸು ಕಟ್ಟುತ್ತ ಅಣ್ಣ ತಂಗಿಗೆ ಹೇಳಿದ್ದ: "ಉತ್ತರದ್ದೇ ಎತ್ತರ ಕಣೇ. ನೋಡ್ತಿರು." ಆ ಮಾತನ್ನು ನಿಜ ಮಾಡಲೆಂದೇ ಅವಳು ಓದು ಬಿಟ್ಟು ಅಳತೆಯ ಕೆಲಸ ಹಿಡಿದಳೆಂದು ಸಂಘದಲ್ಲಿ ಎಲ್ಲರೂ ಆಡಿಕೊಳ್ಳುತ್ತಿದ್ದರು. ಅವಳು ಹೌದೆನ್ನಲಿಲ್ಲ, ಇಲ್ಲವೆನ್ನಲಿಲ್ಲ.

ಕಾರ್ಯದರ್ಶಿ ತಗ್ಗು ದಾಟಿ, ತೆವಳಿಕೊಂಡೇ ಉತ್ತರದ ನೆತ್ತಿ ಹತ್ತಿ, ಎದ್ದು ನಿಂತು ಕೋಲು ನಿಲ್ಲಿಸಿದರು. ಅಳತೆಯವಳು ದುರ್ಬೀನು ತಿರುಗಿಸಿದಳು. ಈ ಸಲ ಕಂಡದ್ದು ಮಂಡಿಯಲ್ಲ, ಅದಕ್ಕೂ ಒಂದು ಗೇಣು ಮೇಲೆ, ಪ್ಯಾಂಟಿನ ಜೇಬು. ಅವಳು ಬಹಳ ಹೊತ್ತು ಕಣ್ಣು ಕೀಳಲಿಲ್ಲ. ಆಮೇಲೆ ಸರಸರನೆ ದುರ್ಬೀನು ಬಿಚ್ಚಿ ಪೆಟ್ಟಿಗೆಗಿಟ್ಟಳು.

"ನಾನೂ ನೋಡ್ತಿದ್ನಲ್ಲ?" ಎಂದರು ಅಧ್ಯಕ್ಷರು.

"ಅಯ್ಯೋ, ಬಿಚ್ಚಿಬಿಟ್ಟೆ ಸರ್."

ಕಾರ್ಯದರ್ಶಿ ಏದುಸಿರು ಬಿಡುತ್ತ ಹತ್ತಿರ ಬಂದು ನಿಲ್ಲುವವರೆಗೂ ಅವಳು ಕಾದಳು.

"ಉತ್ತರದ್ದೇ ಎತ್ತರ" ಎಂದಳು ಮೆಲ್ಲಗೆ. "ಅಣ್ಣ ಹೇಳಿದ್ದೇ ಸರಿ. ಫಲಕ ಇಳಿಸ್ಬೇಕಾಗುತ್ತೆ ಸರ್. ನೀವು ಈ ಬೆಟ್ಟ ಹತ್ತೇ ಇಲ್ಲ."

ಅಧ್ಯಕ್ಷರ ಮುಖ ಕಪ್ಪಿಟ್ಟಿತು. "ಬಾಯಿಗೆ ಬಂದಂಗೆ ಮಾತಾಡ್ಬೇಡ."

"ಅಲ್ಲಿ ಕಾಲಿಟ್ಟವನು ಅಣ್ಣ ಒಬ್ಬನೇ. ಫಲಕದ ಮೇಲೆ ಅವನ ಹೆಸರೇ ಬರ್ಬೇಕು."

"ಅವನಾ?" ಅವರ ದನಿ ಒಡೆಯಿತು. "ಅವನ ಕಾಲು ಆ ತುದಿ ಮುಟ್ಟೇ ಇಲ್ಲ! ಮೊದಲು ಹತ್ತಿದ್ದು ನಾನು. ದಾರಿಗೆ ಅಡ್ಡ ನಿಂತಿದ್ದ, ತಳ್ಳಿ ಹತ್ತಿದೀನಿ, ತಿಳ್ಕೋ!"

ತಾವು ಆಡಿದ ಮಾತು ತಮ್ಮದೇ ಕಿವಿಗೆ ಬಿದ್ದಂತೆ ಅಧ್ಯಕ್ಷರು ಕಾರ್ಯದರ್ಶಿಯ ಕಡೆ ತಿರುಗಿದರು. ಕಾರ್ಯದರ್ಶಿ ಕೋಲನ್ನು ಎದೆಗವಚಿಕೊಂಡು ಎರಡು ಹೆಜ್ಜೆ ಹಿಂದೆ ಸರಿದರು.

ಪೊಲೀಸರಿಗೆ ಫೋನು ಹೋಯಿತು. ಕಲ್ಲುಗುಪ್ಪೆಗೆ ಬೆನ್ನು ಕೊಟ್ಟು ಕುಸಿದು ಕೂತ ಅಧ್ಯಕ್ಷರು ಏಳಲಿಲ್ಲ.

"ನಿಮ್ಮಣ್ಣನ ಮಾತು ಕೊನೆಗೂ ಗೆದ್ದಿತಲ್ಲ ತಾಯಿ" ಎಂದು ಕಾರ್ಯದರ್ಶಿ ಕಣ್ಣೊರೆಸಿಕೊಂಡರು. "ಪಟ್ಟಿಯಲ್ಲಿ ಉತ್ತರದ್ದನ್ನೇ ಹಾಕ್ಸೋಣ."

ಅಳತೆಯವಳು ಅಧ್ಯಕ್ಷರಿಗೂ ಕೇಳಿಸುವಂತೆ ಹೇಳಿದಳು: "ಬೇಡ ಅಕ್ಕ. ಇಲ್ಲಿ ನಿಂತಾಗ ನಿಮ್ಮ ಮಂಡಿ ಕಂಡಿತ್ತು, ಅಲ್ಲಿ ಜೇಬು ಕಾಣ್ತು. ಉತ್ತರದ್ದು ಒಂದು ಗೇಣು ತಗ್ಗು."