ಮಂಗಳವಾರದ ವಿಸ್ಕಿ

"ನಾನೂ ಕುಡಿದಿಲ್ಲ, ನೀನೂ ಕುಡಿದಿಲ್ಲ ಅಂದ್ರೆ ಬಾಟ್ಲಿ ತಾನೇ ಕುಡ್ಕೊಂಡ್ತಾ?"

ಅನಂತಕೃಷ್ಣ ವಿಸ್ಕಿ ಬಾಟಲಿಯನ್ನು ಕೌಂಟರಿನ ಮೇಲೆ ಕುಕ್ಕಿದ. ಪಕ್ಕದ ಮೇಜಿನವರು ತಿರುಗಿ ನೋಡಿದರು. ನೋಡಲಿ! ಹೋದ ಶುಕ್ರವಾರ ಎದ್ದು ಹೋಗುವಾಗ ಲೇಬಲ್ಲಿನ ಮೇಲೆ ಅವನೇ ಪೆನ್ನಿನಿಂದ ಗೆರೆ ಎಳೆದಿದ್ದ. ಈಗ ವಿಸ್ಕಿ ಆ ಗೆರೆಗಿಂತ ಎರಡು ಬೆರಳು ಕೆಳಗಿತ್ತು. ಹೀಗಾಗುತ್ತಿರುವುದು ಇದು ನಾಲ್ಕನೆಯ ವಾರ.

ಮಲೇಷ್ಯಾದ ಪೆಟಾಲಿಂಗ್ ಜಯಾದ ಈ ಪಬ್ಬಿನಲ್ಲಿ ಒಂದು ಪದ್ಧತಿಯಿದೆ. ಇಡೀ ಬಾಟಲಿ ಕೊಳ್ಳಬೇಕು, ಸಾಕೆನಿಸುವಷ್ಟು ಕುಡಿಯಬೇಕು, ಉಳಿದದ್ದನ್ನು ಅವರ ಶೆಲ್ಫಿನಲ್ಲೇ ಬಿಟ್ಟು ಹೋಗಬೇಕು. ಬಾಟಲಿಗೊಂದು ಚೀಟಿ, ಚೀಟಿಯ ಮೇಲೆ ಗಿರಾಕಿಯ ಫೋನ್ ನಂಬರ್. ಮುಂದಿನ ಸಲ ನಂಬರ್ ಹೇಳಿದರೆ ಬಾಟಲಿ ಕೈಗೆ ಬರುತ್ತದೆ. ಅನಂತಕೃಷ್ಣನಿಗೆ ಇದಕ್ಕಿಂತ ಒಳ್ಳೆಯ ಏರ್ಪಾಡು ಬೇಕಿರಲಿಲ್ಲ. ಮಾಂಟ್ ಕಿಯಾರಾದ ಅವನ ಫ್ಲ್ಯಾಟಿಗೆ ವಿಸ್ಕಿ ಹಾಗಿರಲಿ, ಈರುಳ್ಳಿ ಬರುವುದೇ ಕಷ್ಟ. ಹೆಂಡತಿ ರತ್ನ ಏಕಾದಶಿ ಬಿಡದವಳು, ವಾರಕ್ಕೊಮ್ಮೆ ಲಲಿತಾ ಸಹಸ್ರನಾಮಕ್ಕೆ ಹೋಗುವವಳು. ಅವಳ ಲೆಕ್ಕದಲ್ಲಿ ಶುಕ್ರವಾರ ಸಂಜೆ ಗಂಡ ಇರುವುದು ಭಜನೆಯಲ್ಲಿ. ನಿಜ ಗೊತ್ತಿದ್ದದ್ದು ಮಧ್ವರಾಜನೊಬ್ಬನಿಗೆ.

ಆ ಮಧ್ವರಾಜ ಈಗ ಪಕ್ಕದ ಸ್ಟೂಲಿನ ಮೇಲೆ ಕುಳಿತು ಸೋಡಾ ಕುಡಿಯುತ್ತಿದ್ದ. ಮೈಸೂರಿನ ಕಾಲೇಜಿನಿಂದ ಜೊತೆಗಿದ್ದವನು. ಈಗ ಅನಂತಕೃಷ್ಣನ ಕೈಕೆಳಗೇ ಕೆಲಸ.

ಮ್ಯಾನೇಜರ್ ಕೀರ್ತಿರಾಜ್ ಕಾರ್ಕಳದವನು. ಅವನು ಕಂಪ್ಯೂಟರಿನತ್ತ ತಿರುಗಿದ. "ನಂಬರ್ ಹೇಳಿ ಸರ್."

ಅನಂತಕೃಷ್ಣ ಒಂದೇ ಉಸಿರಿಗೆ ಹೇಳಿದ. ಸೂಪರ್‌ಮಾರ್ಕೆಟ್, ಔಷಧಿ ಅಂಗಡಿ, ಪೆಟ್ರೋಲ್ ಬಂಕ್, ಎಲ್ಲಿ ಕೇಳಿದರೂ ಪಾಯಿಂಟ್ಸ್ ಒಂದೇ ಕಡೆ ಸೇರಲಿ ಎಂದು ಇಡೀ ಮನೆ ಹೇಳುವ ನಂಬರ್. ಹನ್ನೊಂದು ವರ್ಷದಿಂದ ಹೇಳಿ ಹೇಳಿ ಅದು ತಾನಾಗಿ ನಾಲಿಗೆಗೆ ಬರುತ್ತಿತ್ತು.

"ಎಂಟ್ರಿ ಉಂಟು ಸರ್. ಪ್ರತಿ ಮಂಗಳವಾರ, ಮಧ್ಯಾಹ್ನ ಮೂರೂವರೆಗೆ. ನಂಬರ್ ಹೇಳಿಯೇ ತಗೊಂಡದ್ದು. ಆಗ ನನ್ನ ಶಿಫ್ಟ್ ಅಲ್ಲ, ಯಾರೂಂತ ಗೊತ್ತಿಲ್ಲ. ಆದ್ರೆ ಬಾಟ್ಲಿ ಕೊಟ್ಟಾಗೆಲ್ಲ ಮೆಸೇಜ್ ಹೋಗ್ತದೆ. ನಿಮಗೆ ಬಂದಿರ್ಬೇಕಲ್ಲ ಮಾರಾಯ್ರೆ?"

"ಒಂದೇ ಒಂದು ಮೆಸೇಜ್ ಬಂದಿಲ್ಲ. ದಂಡ ನಿಮ್ಮ ಸಿಸ್ಟಮ್ಮು!"

ಆದರೆ ಮಂಗಳವಾರ ಎಂಬ ಮಾತು ಅವನ ತಲೆಗೆ ಹೊಕ್ಕಿತ್ತು. ಪ್ರತಿ ಮಂಗಳವಾರ ಮೂರಕ್ಕೆ ಸರಿಯಾಗಿ ಆಫೀಸಿನಿಂದ ಕಾಲ್ತೆಗೆಯುವವನು ಯಾರು? ಪಿತ್ತ ನೆತ್ತಿಗೇರಿತು.

"ಎಲ್ಲಿಗೋ ಹೋಗ್ತೀಯ ನೀನು ಮಂಗಳವಾರ?"

"ನಿಂಗೇ ಹೇಳಿದೀನಲ್ಲೋ. ಮೇಧಾನ ಟ್ಯೂಷನ್ನಿಗೆ ಬಿಡೋಕೆ. ಇನ್ನು ಮೂರು ತಿಂಗಳಿಗೆ ಅವಳ ಬೋರ್ಡ್ ಎಕ್ಸಾಮ್."

"ಮಗಳ ಹೆಸರು ಹೇಳಿ ನನ್ನ ವಿಸ್ಕಿ ಹೀರ್ತೀಯಾ? ನನ್ನ ನಂಬರು, ನನ್ನ ಬಾಟ್ಲಿ ನಿನ್ನ ಬಿಟ್ಟು ಇನ್ಯಾರಿಗೆ ಗೊತ್ತು? ಥೂ! ಕೇಳಿದ್ರೆ ಇನ್ನೊಂದು ಬಾಟ್ಲಿ ನಾನೇ ಕೊಡಿಸ್ತಿದ್ದೆ."

ಮಧ್ವರಾಜನ ಮುಖ ಕೆಂಪಾಯಿತು. "ನಾಲಿಗೆ ಬಿಗಿ ಹಿಡಿದು ಮಾತಾಡು. ನಿನ್ನ ಎಂಜಲು ವಿಸ್ಕಿಗೆ ಕೈ ಹಾಕೋಷ್ಟು ಗತಿಗೆಟ್ಟಿಲ್ಲ ನಾನು."

ಎಂಜಲು ಎಂದನಲ್ಲ, ಅಲ್ಲಿಗೆ ಕೆಟ್ಟಿತು. ಅನಂತಕೃಷ್ಣ ಜೇಬಿನಿಂದ ಫೋನ್ ತೆಗೆದ. ಮಧ್ವರಾಜನ ಕಾಂಟ್ರ್ಯಾಕ್ಟ್ ಈ ತಿಂಗಳಿಗೆ ಮುಗಿಯುತ್ತಿತ್ತು. ಮುಂದುವರಿಸಬೇಕೇ ಬೇಡವೇ ಎಂದು ಅನಂತಕೃಷ್ಣ ಎಚ್‌ಆರ್‌ಗೆ ಇವತ್ತು ಆರರೊಳಗೆ ತಿಳಿಸಬೇಕಿತ್ತು. ಮುಂದುವರಿಸದಿದ್ದರೆ ವೀಸಾ ಇಲ್ಲ. ವೀಸಾ ಇಲ್ಲವೆಂದರೆ ಮಗಳ ಪರೀಕ್ಷೆಗೆ ಮುಂಚೆಯೇ ಮೂರೂ ಜನ ಗಂಟುಮೂಟೆ ಕಟ್ಟಬೇಕು. 'ಮುಂದುವರಿಸಿ' ಎಂದು ಬೆಳಿಗ್ಗೆಯೇ ಬರೆದಿಟ್ಟಿದ್ದ ಮೇಲ್ ಇನ್ನೂ ಹೋಗಿರಲಿಲ್ಲ. ಅದನ್ನು ಅಳಿಸಿ 'ಬೇಡ' ಎಂದು ಬರೆದ. ಗಡಿಯಾರ ಐದು ಐವತ್ತೆಂಟು ತೋರಿಸುತ್ತಿತ್ತು.

"ಅನಂತ, ಬೇಡ ಕಣೋ. ನನ್ನ ಮೇಲಿನ ಸಿಟ್ಟು ನನ್ನ ಮೇಲೇ ತೀರಿಸ್ಕೋ. ಅವಳ ಎಕ್ಸಾಮ್ ಒಂದು ಮುಗೀಲಿ."

"ಕುಡಿದಿದ್ದು ನಾನೇ ಅಂತ ಒಪ್ಕೋ. ಕಳಿಸೋಲ್ಲ."

"ಮಾಡದೇ ಇದ್ದದ್ದನ್ನ ಒಪ್ಕೋಬೇಕಾ? ಸಾಯ್ಲಿ, ಕಳಿಸು!"

ಕಳಿಸಿದ. ಎರಡೇ ನಿಮಿಷದಲ್ಲಿ ಎಚ್‌ಆರ್‌ನ ಹುಡುಗಿಯಿಂದ ಉತ್ತರ ಬಂತು: ಮಧ್ವರಾಜರ ಹೆಸರು ತೆಗೆದಿದ್ದೇವೆ, ಪಟ್ಟಿ ಮುಚ್ಚಿದೆ, ಒಳ್ಳೆಯ ವಾರಾಂತ್ಯ. ಅನಂತಕೃಷ್ಣ ಅದನ್ನು ಮಧ್ವರಾಜನ ಮುಖಕ್ಕೆ ಹಿಡಿದ. ಮೈಯ ಉರಿ ಇನ್ನೂ ಆರಿರಲಿಲ್ಲ.

ಮಧ್ವರಾಜ ಅದನ್ನು ಎರಡು ಸಲ ಓದಿದ. ಆಮೇಲೆ ಅವನು ಮಾತಾಡಿದ್ದು ಮ್ಯಾನೇಜರ್ ಜೊತೆ.

"ಕೀರ್ತಿರಾಜ್, ಆ ಚೀಟಿ ಮೇಲಿರೋ ನಂಬರಿಗೆ ಒಂದು ಫೋನ್ ಮಾಡಿ. ಸ್ಪೀಕರ್ ಹಾಕಿ. ಇಷ್ಟು ದಿನ ಮೆಸೇಜ್ ಯಾರಿಗೆ ಹೋಗಿದೆ, ನೋಡೇಬಿಡೋಣ."

"ಮಾಡಿ, ಮಾಡಿ. ನನ್ನ ಫೋನೇ ಹೊಡ್ಕೊಳತ್ತೆ. ಆಗಲಾದ್ರೂ ಇವನ ಬಾಯಿ ಮುಚ್ಚತ್ತೆ," ಎಂದು ಅನಂತಕೃಷ್ಣ ತನ್ನ ಫೋನನ್ನು ಕೌಂಟರಿನ ಮೇಲೆ ಎಲ್ಲರಿಗೂ ಕಾಣುವಂತೆ ಇಟ್ಟ.

ಕೀರ್ತಿರಾಜ್ ನಂಬರ್ ಒತ್ತಿದ. ಒಂದು ರಿಂಗ್, ಎರಡು, ಮೂರು. ಕೌಂಟರಿನ ಮೇಲಿನ ಫೋನ್ ಸುಮ್ಮನೆ ಬಿದ್ದಿತ್ತು. ನಾಲ್ಕನೆಯದಕ್ಕೆ ಆ ಕಡೆ ಯಾರೋ ಎತ್ತಿದರು.

"ಹಲೋ, ಪಬ್ಬಿನಿಂದ ಕೀರ್ತಿರಾಜ್ ಮಾತಾಡುದು. ನಿಮ್ಮ ಬಾಟ್ಲಿ ವಿಷಯ..."

"ಅಯ್ಯೋ, ಅಲ್ಲಿ ಕನ್ನಡದವರೂ ಇದೀರಾ?" ಸ್ಪೀಕರಿನಲ್ಲಿ ರತ್ನಳ ದನಿ ಖುಷಿಯಿಂದ ಕೇಳಿತು. "ಇವತ್ತು ಬರೋಲ್ಲಪ್ಪ ನಾನು, ಶುಕ್ರವಾರ ನಮ್ಮನೆಯವರು ಅಲ್ಲಿರ್ತಾರೆ. ಪೂರ್ತಿ ಖಾಲಿ ಮಾಡದ ಹಾಗೆ ಸ್ವಲ್ಪ ನೋಡ್ಕೊಳ್ಳಿ, ಮಂಗಳವಾರ ನಂಗೂ ಬೇಕು."